ಸ್ಕೂಬಿ-ಡೂ: ದೆವ್ವದ ಮುಖವಾಡ ಕಳಚಲೇಬೇಕೇ?

ಮಧ್ಯರಾತ್ರಿ ವಸ್ತುಸಂಗ್ರಹಾಲಯದೊಳಗೆ ಕಪ್ಪು ಕವಚದ ಯೋಧನೊಬ್ಬ ನಡೆದಾಡುತ್ತಾನೆ. ಅವನನ್ನು ಕಂಡು ಓಡುವ ದೈತ್ಯ ನಾಯಿ. ಅದಕ್ಕಿಂತ ಪುಕ್ಕಲನಾದ ಅದರ ಒಡನಾಡಿ ಶ್ಯಾಗಿ. ಕೊನೆಗೆ ಶಿರಸ್ತ್ರಾಣ ತೆಗೆದರೆ ಒಳಗಿರುವವನು ಸಂಗ್ರಹಾಲಯದ ಮೇಲ್ವಿಚಾರಕ! ಅಸಲಿ ವರ್ಣಚಿತ್ರಗಳನ್ನು ಸಾಗಿಸಿ ನಕಲಿಗಳನ್ನು ತೂಗುಹಾಕುವುದು ಆತನ ದಂಧೆ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1969ರ ಸೆಪ್ಟೆಂಬರ್ 13ರಂದು ಆರಂಭವಾದ 'ಸ್ಕೂಬಿ-ಡೂ, ವೇರ್ ಆರ್ ಯೂ!' ಸರಣಿಯ ಮೊದಲ ಕಂತು ಇದು.

ಕಳ್ಳ ಯಾರೆಂದು ತಿಳಿದ ಮೇಲೂ ಅಭಿಮಾನಿಗಳು ಈ ಕಂತುಗಳನ್ನು ಮತ್ತೆ ಮತ್ತೆ ನೋಡುತ್ತಾರೆ. ಅವರ ನಡುವಿನ ಮುಗಿಯದ ಜಗಳ ಕಳ್ಳನ ಕುರಿತದ್ದಲ್ಲ. ದೆವ್ವ ನಿಜವಾಗಿರಬಹುದೇ ಎಂಬುದೇ ಅವರ ತಕರಾರು.

ಸೂಪರ್‌ಹೀರೋ ಕಾರ್ಟೂನ್‌ಗಳ ಹೊಡೆದಾಟಕ್ಕೆ ಪೋಷಕರ ಸಂಘಟನೆಗಳು ಆಕ್ಷೇಪವೆತ್ತಿದ್ದ ಕಾಲವದು. ಹಿಂಸೆಯಿಲ್ಲದ ರೋಚಕ ಕಥೆ ಬೇಕೆಂದು ವಾಹಿನಿಯ ಫ್ರೆಡ್ ಸಿಲ್ವರ್‌ಮನ್ ಬಯಸಿದರು. ಹ್ಯಾನಾ-ಬಾರ್ಬೆರಾ ಸಂಸ್ಥೆಯ ಜೋ ರೂಬಿ ಮತ್ತು ಕೆನ್ ಸ್ಪಿಯರ್ಸ್ ಅದನ್ನು ಹೆಣೆದರು. ಚಿತ್ರ ಕಲಾವಿದ ಇವಾವೊ ತಕಮೊಟೊ ಉತ್ತಮ ತಳಿಯ ಗ್ರೇಟ್ ಡೇನ್ ಹೇಗಿರಬೇಕೆಂದು ವಿಚಾರಿಸಿ ತಿಳಿದುಕೊಂಡು, ಬೇಕೆಂದೇ ಅದಕ್ಕೆ ವ್ಯತಿರಿಕ್ತವಾಗಿ ಸೊಟ್ಟಗಾಲಿನ ನಾಯಿಯನ್ನು ಬರೆದರು.

ಮೂಲ ಸರಣಿಯ 25 ಕಂತುಗಳಲ್ಲಿ ಭೂತದ ಹಿಂದೆ ಇರುವುದು ಬಹುಪಾಲು ಮನುಷ್ಯನ ದುರಾಸೆಯೇ. ಒಂದು ಕಂತಿನಲ್ಲಿ ಗಣಿ ಕಾರ್ಮಿಕನ ಪ್ರೇತವೆಂದು ಜನರನ್ನು ಬೆದರಿಸುವವನಿಗೆ ನೆಲದಡಿಯ ತೈಲದ ಸುಳಿವು ಸಿಕ್ಕಿರುತ್ತದೆ. ಆ ಜಮೀನು ಅಗ್ಗದ ದರಕ್ಕೆ ಬೇಕಾಗಿರುತ್ತದೆ. ಅಲೌಕಿಕ ಸಂಗತಿಗಳನ್ನು ತನಿಖೆ ಮಾಡಿ ಲೌಕಿಕ ಕಾರಣ ತೋರಿಸುವ ಸರಣಿ ವಯಸ್ಕರಿಗೂ ಬೇಕು, ಮಕ್ಕಳಿಗೆ ಆ ಕೆಲಸವನ್ನು ಸ್ಕೂಬಿ-ಡೂ ಮಾಡುತ್ತಿದೆ ಎಂದು ವಿಜ್ಞಾನಿ ಕಾರ್ಲ್ ಸೇಗನ್ ತಮ್ಮ 1995ರ ಕೃತಿಯಲ್ಲಿ ಬರೆದರು. ಅದೇ ವರ್ಷ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಕಾಲಿಟ್ಟಿತು. ಮುಂದೆ ಇಲ್ಲಿನ ಮಕ್ಕಳಿಗೂ ಸ್ಕೂಬಿ ಪರಿಚಿತನಾದ.

ಅಷ್ಟರಲ್ಲಿ ನಿಯಮ ಮುರಿದಾಗಿತ್ತು. 1985ರ 'ದಿ 13 ಘೋಸ್ಟ್ಸ್ ಆಫ್ ಸ್ಕೂಬಿ-ಡೂ' ಸರಣಿಯ ದೆವ್ವಗಳು ಅಸಲಿ. ಹದಿಮೂರನೆಯದು ಸೆರೆಯಾಗುವ ಮುನ್ನವೇ ಸರಣಿ ನಿಂತುಹೋಯಿತು. ಆ ಬಾಕಿಯನ್ನು ತೀರಿಸಲು 2019ರಲ್ಲಿ ಚಲನಚಿತ್ರವೇ ಬರಬೇಕಾಯಿತು. ಅದರಲ್ಲಿ ತಂಡದ ಬುದ್ಧಿವಂತೆ ವೆಲ್ಮಾ ಹಳೆಯ ದೆವ್ವಗಳಿಗೂ ತಾರ್ಕಿಕ ವಿವರಣೆ ಕೊಡಲು ಹೊರಟದ್ದು ವಾದವನ್ನು ಮತ್ತಷ್ಟು ಕೆದಕಿತು.

ಎರಡೂ ಪಕ್ಷದವರು ಗೌರವದಿಂದ ಮಾತನಾಡುವುದು 1998ರ 'ಸ್ಕೂಬಿ-ಡೂ ಆನ್ ಜಾಂಬಿ ಐಲೆಂಡ್' ಚಿತ್ರದ ಬಗ್ಗೆ. ಮುಖವಾಡಗಳಿಂದ ಬೇಸತ್ತು ತಂಡ ಚದುರಿಹೋಗಿರುತ್ತದೆ. ಮತ್ತೆ ಒಂದುಗೂಡಿ ದ್ವೀಪಕ್ಕೆ ಹೋದಾಗ, ಎದುರಾದ ಜಾಂಬಿಯದು ಮುಖವಾಡವೆಂದು ನಂಬಿ ಫ್ರೆಡ್ ಎಳೆಯುತ್ತಾನೆ. ತಲೆಯೇ ಕಳಚಿ ಕೈಗೆ ಬರುತ್ತದೆ! ಆದರೆ ಜಾಂಬಿಗಳು ಕೇಡಿಗಳಲ್ಲ. ಹಿಂದೆ ಬಲಿಯಾದವರು, ಹೊಸಬರನ್ನು ಎಚ್ಚರಿಸಲು ಎದ್ದುಬಂದವರು. ಕೊಲ್ಲುವವರು ಆದರದಿಂದ ಬರಮಾಡಿಕೊಂಡ ಆತಿಥೇಯರು. ದೆವ್ವ ನಿಜವಾದರೂ ಇಲ್ಲಿ ಮುಖವಾಡ ತಪ್ಪಲಿಲ್ಲ, ಅದನ್ನು ತೊಟ್ಟವರು ಬೇರೆ, ಅಷ್ಟೇ. ಮೂಲ ನಿಯಮದ ಕಟ್ಟಾ ಬೆಂಬಲಿಗರೂ ಈ ಚಿತ್ರವನ್ನು ಕ್ಷಮಿಸುವುದು ಬಹುಶಃ ಈ ಕಾರಣಕ್ಕೇ.