ಮನೆಯವರು ಬರಿಯ ಸಂದರ್ಶಕರೇ?

ಸರ್ಕಾರಿ ಆದೇಶವೊಂದರ ಗುಣದೋಷ ಎಷ್ಟೋ ವೇಳೆ ಅದರಲ್ಲಿನ ಒಂದೇ ಪದವನ್ನು ಅವಲಂಬಿಸಿರುತ್ತದೆ. ಕೋವಿಡ್ ಕಾಲದಲ್ಲಿ ಪಾಶ್ಚಾತ್ಯ ದೇಶಗಳು ವೃದ್ಧರ ಆರೈಕೆ ಕೇಂದ್ರಗಳಿಗೆ ಹೊರಡಿಸಿದ ಆದೇಶಗಳಲ್ಲಿ ಅಂಥ ಪದ ‘ಸಂದರ್ಶಕರು’. ಹೆಂಡತಿ, ಮಗ, ಮಗಳು ಎಲ್ಲರೂ ಆ ಒಂದು ಪದದೊಳಗೆ ಸೇರಿದರು. ಸೇರಿದವರೆಲ್ಲ ಬಾಗಿಲಿನ ಹೊರಗುಳಿದರು.

ಆ ಆದೇಶಗಳು ಅಕಾರಣವಾಗಿ ಹೊರಟವೆಂದು ನಾನು ಹೇಳಲಾರೆ. 2020ರ ಫೆಬ್ರುವರಿಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರ್ಕ್‌ಲ್ಯಾಂಡ್‌ನ ಆರೈಕೆ ಕೇಂದ್ರವೊಂದರಲ್ಲಿ ಕಾಣಿಸಿಕೊಂಡ ಸೋಂಕು ಹತ್ತಾರು ಮಂದಿಯನ್ನು ಬಲಿ ತೆಗೆದುಕೊಂಡಿತು. ಮಾರ್ಚ್ 13ರಂದು ಅಲ್ಲಿನ ಫೆಡರಲ್ ಸರ್ಕಾರ ಭೇಟಿಗಳನ್ನು ನಿರ್ಬಂಧಿಸಿತು. ಮಾರ್ಚ್ 20ರಂದು ನೆದರ್‌ಲೆಂಡ್ಸ್ ಕೂಡ ಬಾಗಿಲು ಮುಚ್ಚಿತು. ಲಸಿಕೆ ಇರಲಿಲ್ಲ, ಮುಖಗವಸಿಗೂ ಕೊರತೆಯಿತ್ತು. ಆ ವಾರಗಳಲ್ಲಿ ವಿವೇಕಿಯಾದ ಯಾವ ಅಧಿಕಾರಿಯಾದರೂ ಅಂಥ ಕಡತಕ್ಕೆ ಸಹಿ ಹಾಕುತ್ತಿದ್ದ. ತೊಡಕು ಹುಟ್ಟಿದ್ದು, ತುರ್ತಿಗೆಂದು ಬಂದ ಕ್ರಮ ತಿಂಗಳುಗಟ್ಟಲೆ ಮುಂದುವರಿದಾಗ.

ಕುಟುಂಬಗಳು ತಮಗೆ ತೋಚಿದ ದಾರಿಗಳನ್ನು ಹುಡುಕಿಕೊಂಡವು. ಕಿಟಕಿಯ ಗಾಜಿನಾಚೆ ನಿಂತು ಫೋನಿನಲ್ಲಿ ಮಾತನಾಡಿದರು; ವಿಡಿಯೊ ಕರೆ ಮಾಡಿದರು. ಆದರೆ ಮರೆವಿನ ಕಾಯಿಲೆಯ ಎಷ್ಟೋ ಹಿರಿಯರಿಗೆ ಪರದೆಯ ಮೇಲಿನ ಮುಖ ಯಾರದೆಂದೇ ತಿಳಿಯುವುದಿಲ್ಲ. ಅವರಿಗೆ ಉಳಿದಿರುವ ಭಾಷೆ ಸ್ಪರ್ಶ. ಇಟಲಿಯ ಕಾಸ್ಟೆಲ್‌ಫ್ರಾಂಕೊ ವೆನೆಟೊ ಪಟ್ಟಣದ ವೃದ್ಧಾಶ್ರಮವೊಂದು 2020ರ ನವೆಂಬರ್‌ನಲ್ಲಿ ಪ್ಲಾಸ್ಟಿಕ್ ತೆರೆಯ ‘ಅಪ್ಪುಗೆಯ ಕೋಣೆ’ಯನ್ನೇ ನಿರ್ಮಿಸಿತು. ಅಮೆರಿಕದ ಫ್ಲಾರಿಡಾದಲ್ಲಿ ಒಬ್ಬ ಮಹಿಳೆ, ಮರೆವಿನ ಕಾಯಿಲೆಯ ಪತಿಯನ್ನು ಕಾಣಲೆಂದೇ, ಅವರಿದ್ದ ಕೇಂದ್ರದ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದರು.

ಈ ಕೊನೆಯ ಪ್ರಸಂಗ ಸಮಸ್ಯೆಯ ಮೂಲವನ್ನು ತೋರಿಸುತ್ತದೆ. ಹೆಂಡತಿಯಾಗಿ ಪ್ರವೇಶವಿಲ್ಲದ ಆಕೆಗೆ ನೌಕರಳಾಗಿ ಪ್ರವೇಶವಿತ್ತು. ವೈರಾಣು ಈ ಭೇದವನ್ನು ಅರಿಯದು, ಆದೇಶ ಅರಿತಿತ್ತು. ಅರ್ಥಶಾಸ್ತ್ರ ಓದಿದ ನನಗೆ ಇದು ಪರಿಚಿತ ದೋಷ. ಸಂಬಳವಿಲ್ಲದ ಮನೆಗೆಲಸ ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಬರುವುದಿಲ್ಲ. ತಾಯಿಗೆ ತುತ್ತು ತಿನ್ನಿಸುವುದು, ನೀರು ಕುಡಿದರೋ ಇಲ್ಲವೋ ಎಂದು ನೋಡುವುದು, ಬೆನ್ನಿನಲ್ಲಿ ಹುಣ್ಣಾಗಿದೆಯೇ ಎಂದು ಗಮನಿಸುವುದು ಕೂಡ ದುಡಿಮೆಯೇ. ಆದೇಶ ಬರೆದವರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕಣ್ಣುಗಳಿಲ್ಲದ ಕಡೆ ಏನಾಗಬಹುದೆಂಬುದಕ್ಕೆ ಕೆನಡಾ ನಿದರ್ಶನ. ಸಿಬ್ಬಂದಿ ಸಾಲದೆ ಅಲ್ಲಿನ ಕೇಂದ್ರಗಳಿಗೆ ಸೈನಿಕರನ್ನು ಕಳುಹಿಸಬೇಕಾಯಿತು. ಒಂಟಾರಿಯೊದ 5 ಕೇಂದ್ರಗಳ ಬಗ್ಗೆ 2020ರ ಮೇ ತಿಂಗಳಲ್ಲಿ ಬಹಿರಂಗವಾದ ಸೇನೆಯ ವರದಿ ಜಿರಳೆಗಳನ್ನೂ ಹೊಲಸಿನಲ್ಲೇ ಮಲಗಿದ್ದ ವೃದ್ಧರನ್ನೂ ದಾಖಲಿಸಿತು. ಸಿಬ್ಬಂದಿಯ ಕೊರತೆ ಹಳೆಯದು. ಅದನ್ನು ದಿನವೂ ತುಂಬುತ್ತಿದ್ದ, ಕೊರತೆ ಕಂಡರೆ ದನಿಯೆತ್ತುತ್ತಿದ್ದ ಮನೆಯವರು ಆಗ ಹೊರಗಿದ್ದರು.

ಬೇರೆ ದಾರಿಯೂ ಇತ್ತು. 2020ರ ಮೇ 11ರಂದು ನೆದರ್‌ಲೆಂಡ್ಸ್ 26 ಕೇಂದ್ರಗಳಲ್ಲಿ, ಪ್ರತಿ ನಿವಾಸಿಗೆ ಒಬ್ಬ ನಿಗದಿತ ವ್ಯಕ್ತಿಯಂತೆ, ಷರತ್ತುಗಳೊಡನೆ ಭೇಟಿಗೆ ಅವಕಾಶ ನೀಡಿತು. ಸಂಶೋಧಕರು ಗಮನಿಸಿದ ಅವಧಿಯಲ್ಲಿ ಆ ಕೇಂದ್ರಗಳಿಂದ ಹೊಸ ಸೋಂಕು ವರದಿಯಾಗಲಿಲ್ಲ. ಕ್ರಮೇಣ ಕಾನೂನೂ ಬದಲಾಯಿತು. 2021ರ ನವೆಂಬರ್‌ನಲ್ಲಿ ಟೆಕ್ಸಸ್‌ನ ಮತದಾರರು, ಕೇಂದ್ರದ ನಿವಾಸಿಯು ತನ್ನವರೊಬ್ಬರನ್ನು ‘ಅತ್ಯವಶ್ಯಕ ಆರೈಕೆದಾರ’ರೆಂದು ಹೆಸರಿಸುವ ಹಕ್ಕನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸಿದರು. ಇಂಗ್ಲೆಂಡಿನಲ್ಲಿ, ಅಸಾಧಾರಣ ಸಂದರ್ಭದ ಹೊರತು ಭೇಟಿಯನ್ನು ತಡೆಯಬಾರದೆಂಬ ನಿಯಮ 2024ರ ಏಪ್ರಿಲ್ 6ರಿಂದ ಜಾರಿಗೆ ಬಂದಿದೆ.

ಮಕ್ಕಳು ದೂರ ದೇಶಗಳಲ್ಲಿ ನೆಲೆಸಿ, ಹಿರಿಯರು ಆರೈಕೆ ಕೇಂದ್ರ ಸೇರುವುದು ನಮ್ಮ ನಗರಗಳಿಗೂ ಹೊಸದಲ್ಲ. ಪೋಷಕರ ಹಾಗೂ ಹಿರಿಯ ನಾಗರಿಕರ ಪಾಲನೆ, ಕಲ್ಯಾಣ ಕುರಿತ ನಮ್ಮ 2007ರ ಕಾಯ್ದೆಯಡಿ, ವೃದ್ಧಾಶ್ರಮಗಳ ನಿರ್ವಹಣೆಗೆ ಯೋಜನೆ ರೂಪಿಸುವ ಅಧಿಕಾರ ರಾಜ್ಯ ಸರ್ಕಾರಗಳಿಗಿದೆ. ಪ್ರತಿ ನಿವಾಸಿಯೂ ಒಬ್ಬ ಆಪ್ತರನ್ನು ಮೊದಲೇ ಹೆಸರಿಸಲಿ. ಸಿಬ್ಬಂದಿಗೆ ಅನ್ವಯಿಸುವ ಪರೀಕ್ಷೆ, ಮುಖಗವಸಿನ ನಿಯಮಗಳನ್ನೇ ಪಾಲಿಸಿ ಅವರು ಒಳಬರಲಿ. ನಿರ್ಬಂಧದ ಪ್ರತಿ ಆದೇಶಕ್ಕೂ ಮುಕ್ತಾಯದ ದಿನಾಂಕವಿರಲಿ. ಇವನ್ನು ಸೋಂಕಿಲ್ಲದ ಕಾಲದಲ್ಲೇ ನಿಯಮಗಳಲ್ಲಿ ಬರೆದಿಡಬೇಕು. ತುರ್ತಿನ ರಾತ್ರಿ ಕರಡು ಸಿದ್ಧಪಡಿಸುವ ಅಧಿಕಾರಿಗೆ ಅಷ್ಟು ವ್ಯವಧಾನ ಇರುವುದಿಲ್ಲ.