ರ್‍ಯಾಲೆಗೆ ರ್‍ಯಾಲೆದೇ ಕಪ್ ಬೇಕು

ಹಳೆಯ ಸೈಕಲ್ ಸಿಕ್ಕರೆ ಹಳದಿ ಬಣ್ಣ ಬಳಿದು, ಕ್ಯಾರಿಯರ್ ಮೇಲೆ ಹೂವಿನ ಕುಂಡ ಇಟ್ಟು ಹೋಂಸ್ಟೇ ಎದುರು ನಿಲ್ಲಿಸುವುದು ನಮ್ಮ ಶಿರಸಿ ಕಡೆ ಈಗಿನ ಫ್ಯಾಷನ್. ಅಜ್ಜನ ರ್‍ಯಾಲೆ ಸೈಕಲ್‌ಗೂ ಅದೇ ಗತಿ ಬರುವುದಿತ್ತು. ಕೇಳಿಕೊಂಡು ಬಂದವರು ಒಳ್ಳೆಯ ರೇಟನ್ನೇ ಹೇಳಿದ್ದರು. ‘ಆ ದುಡ್ಡಲ್ಲಿ ನಿಂದು ಒಂದು ಸೆಮಿಸ್ಟರ್ ಮೆಸ್ ಬಿಲ್ ಆಗ್ತಲೋ ತಮಾ’ ಎಂದ ಅಪ್ಪ. ಲೆಕ್ಕ ಸರಿಯೇ. ಆದರೂ ರಜೆ ಮುಗಿಯುವವರೆಗೆ ಟೈಂ ಕೇಳಿದೆ.

ಕೊಟ್ಟಿಗೆಯಲ್ಲಿ ಅಡಿಕೆ ಹಾಳೆಗಳ ಹಿಂದೆ ಎಷ್ಟೋ ಮಳೆಗಾಲ ಕಳೆದ ಸೈಕಲ್ ಅದು. ಒರೆಸಿದಾಗ ಮೊದಲು ಕಂಡಿದ್ದು ಚೈನ್ ಚಕ್ರದಲ್ಲಿ ಕತ್ತರಿಸಿದ ಕೊಕ್ಕರೆ ತಲೆಗಳು. ಅದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ರ್‍ಯಾಲೆ ಕಂಪನಿಯ ಗುರುತು. ಹಿಂದಿನ ಹಬ್ ಸ್ಟರ್ಮಿ-ಆರ್ಚರ್‌ನ ಮೂರು ಗೇರಿನದು. ಆ ಕಂಪನಿ ಹಬ್ ಮೇಲೆಯೇ ತಯಾರಾದ ವರ್ಷ ಅಚ್ಚೊತ್ತುತ್ತಿತ್ತು. ನಮ್ಮದರಲ್ಲಿ 51 ಎಂದಿದೆ. ಅಂದರೆ ಈ ಹಬ್ ಅಪ್ಪನಿಗಿಂತ ಹಿರಿಯ! ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಭಾರ ಬೀಳುವುದು ಹಿಂದೆ ತಾನೆ?

ತುಕ್ಕು ಹಿಡಿದ ನಟ್ಟು ಬೋಲ್ಟುಗಳನ್ನು ಹುಣಸೆ ನೀರಿನಲ್ಲಿ ನೆನೆಸಿದೆ. ಕೆಮಿಸ್ಟ್ರಿಯಲ್ಲಿ ಓದಿದ ಟಾರ್ಟಾರಿಕ್ ಆ್ಯಸಿಡ್ ಉಪಯೋಗಕ್ಕೆ ಬಂದದ್ದು ಇದೇ ಮೊದಲು. ತೊಳೆದು ಒಣಗಿಸಿದ ಕೂಡಲೇ ಎಣ್ಣೆ ಸವರಬೇಕು, ಇಲ್ಲದಿದ್ದರೆ ನಮ್ಮೂರ ತೇವಕ್ಕೆ ಮತ್ತೆ ತುಕ್ಕೇ. ಹಬ್ ಬಿಚ್ಚಲಿಲ್ಲ. ಅದರ ಪುಟ್ಟ ಮುಚ್ಚಳ ಎತ್ತಿ ತೆಳು ಎಣ್ಣೆ ಬಿಟ್ಟು ಎರಡು ದಿನ ಕಾದೆ. ಮೂರನೇ ದಿನ ಟಿಕ್ ಟಿಕ್ ಎನ್ನತೊಡಗಿತು.

ನಿಜವಾದ ತಲೆನೋವು ಪೆಡಲ್ ಆಕ್ಸೆಲ್ ಕೂರುವ ಕಪ್‌ನದು. ಗುಂಡು ಓಡಾಡಿ ಅದರಲ್ಲಿ ಗುಳಿ ಬಿದ್ದಿತ್ತು. ಪೇಟೆಯಲ್ಲಿ ಹೊಸ ಕಪ್ ಅಗ್ಗಕ್ಕೇ ಸಿಗುತ್ತದೆ. ಆದರೆ ಸೈಕಲ್ ಶಾಪ್‌ನ ಅಜ್ಜ ಕೈಯಲ್ಲಿ ತಿರುಗಿಸಿ ನೋಡಿ, ‘ತಮಾ, ರ್‍ಯಾಲೆಗೆ ರ್‍ಯಾಲೆದೇ ಕಪ್ ಬೇಕು. ಬೇರೆದು ಎರಡು ಸುತ್ತು ಹೋಗ್ತದೆ, ಆಮೇಲೆ ಹಟ ಮಾಡ್ತದೆ’ ಎಂದರು. ಪಿಚ್ ಗೇಜ್ ಹಿಡಿದಾಗ ಅವರ ಮಾತಿನ ಲೆಕ್ಕ ಸಿಕ್ಕಿತು. ಬ್ರಿಟಿಷ್ ಅಳತೆಯ ಸಾಮಾನ್ಯ ಕಪ್‌ನಲ್ಲಿ ಇಂಚಿಗೆ 24 ಥ್ರೆಡ್. ರ್‍ಯಾಲೆ ಮಾತ್ರ ತನ್ನದೇ ಆದ 26 ಇಟ್ಟುಕೊಂಡಿತ್ತು. ಒಂದರ ಪಿಚ್ 1.058 ಮಿ.ಮೀ., ಇನ್ನೊಂದರದ್ದು 0.977. 10 ಸುತ್ತಿಗೆ 0.8 ಮಿ.ಮೀ. ವ್ಯತ್ಯಾಸ, ಅಂದರೆ ಹೆಚ್ಚುಕಮ್ಮಿ ಒಂದು ಥ್ರೆಡ್ಡೇ ತಪ್ಪುತ್ತದೆ. ಸ್ಪ್ಯಾನರ್ ಹಾಕಿ ಒತ್ತಾಯಿಸಿದರೆ ಕಪ್ ಹೋಗುತ್ತದೆ, ಆದರೆ ಫ್ರೇಮ್‌ನ ಥ್ರೆಡ್ ಹಾಳಾಗುತ್ತದೆ.

ಒರಿಜಿನಲ್ ಬೇಕು ಎನ್ನುವುದು ಬರೀ ಸೆಂಟಿಮೆಂಟ್ ಎಂದುಕೊಂಡವರಿಗೆ ನಾನು ಇದನ್ನೇ ಹೇಳುವುದು. ಹಾಗಂತ ಎಲ್ಲದಕ್ಕೂ ಹಟ ಹಿಡಿಯಲಿಲ್ಲ. ಟೈರು, ಬ್ರೇಕ್ ರಬ್ಬರ್, ಗುಂಡುಗಳೆಲ್ಲ ಸವೆಯಲೆಂದೇ ಇರುವವು. ಅವನ್ನು ಹೊಸದೇ ಹಾಕಿದೆ. ಕಪ್ಪು ಬಣ್ಣ, ಅದರ ಮೇಲಿನ ಬಂಗಾರದ ಗೆರೆ ಅಲ್ಲಲ್ಲಿ ಎದ್ದಿದ್ದರೂ ಮುಟ್ಟಲಿಲ್ಲ.

ಕಪ್‌ಗಾಗಿ ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಬಂದೆ. ಸಿಕ್ಕಿದ್ದು ಮಾತ್ರ ಸಿದ್ದಾಪುರದ ನೆಂಟರ ಮನೆಯಲ್ಲಿ. ಫೋರ್ಕ್ ಮುರಿದು, ಚಕ್ರವಿಲ್ಲದೆ ಬಿದ್ದಿದ್ದ ಇನ್ನೊಂದು ರ್‍ಯಾಲೆ! ಹಳೆಯ ಗ್ರೀಸ್ ಬೆಲ್ಲದಂತೆ ಗಟ್ಟಿಯಾಗಿತ್ತು, ಅದರೊಳಗೆ ಕಪ್ ಮಾತ್ರ ಕನ್ನಡಿಯಂತಿತ್ತು. ಬದಿಗೆ 11ರಂತೆ ಕಾಲಿಂಚಿನ ಗುಂಡು ಜೋಡಿಸಿ ತಿರುಗಿಸಿದೆ. ಬೆರಳಲ್ಲೇ ಕೊನೆಯವರೆಗೂ ಹೋಯಿತು.

ಮರುದಿನ ಅಪ್ಪ ಅದರಲ್ಲೇ ಹಾಲಿನ ಡೇರಿಗೆ ಹೋದ. ಬರುವಾಗ ಏರಿನಲ್ಲಿ ಇಳಿಯಲಿಲ್ಲವಂತೆ, ಗೇರ್ ಬದಲಿಸಿದನಂತೆ. ಹೋಂಸ್ಟೇಯವರಿಗೆ ‘ಇಲ್ಲ’ ಎಂದು ಫೋನ್ ಮಾಡಿದ್ದೂ ಅವನೇ. ಮೆಸ್ ಬಿಲ್ಲಿನ ಮಾತು ಇನ್ನೂ ಬಾಕಿ ಇದೆ.

ಈಗ ಬೇಕಿರುವುದು ಒಂದು ಚೈನ್ ಕವರ್. ನಿಮ್ಮ ಮನೆಯ ಅಟ್ಟದಲ್ಲಿ ರ್‍ಯಾಲೆಯದು ಬಿದ್ದಿದ್ದರೆ, ಗುಜರಿಯವನಿಗೆ ಹಾಕುವ ಮೊದಲು ನನಗೊಂದು ಮಾತು ಹೇಳಿ.