ಎಂಜಿನ್ನಿನ ‘ಟಿಕ್ ಟಿಕ್’ ಏನು ಹೇಳುತ್ತದೆ?

ಹೈದರಾಬಾದಿನಿಂದ ಸೊಲ್ಲಾಪುರದತ್ತ ಸಾಗುವ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ಹುಮನಾಬಾದಿಗೆ ಮುನ್ನ ಮನ್ನಾಏಖೇಳ್ಳಿ ಸಿಗುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ನಿಮ್ಮ ಹಳೆಯ ಲಾರಿಯ ಎಂಜಿನ್ ‘ಟಿಕ್ ಟಿಕ್’ ಎನ್ನತೊಡಗಿತೆನ್ನಿ. ಏನು ಮಾಡುವಿರಿ?

ಮೊದಲು ಎಂಜಿನ್ ನಿಲ್ಲಿಸಿ ಆಯಿಲ್ ಮಟ್ಟ ನೋಡಿ. ಆಯಿಲ್ ಒತ್ತಡ ಇಳಿದಿದ್ದರೆ, ಅಥವಾ ಸದ್ದು ಕೆಳಭಾಗದಿಂದ ‘ಧಡ್ ಧಡ್’ ಎಂದು ಭಾರವಾಗಿ ಬರುತ್ತಿದ್ದರೆ ಬೇರಿಂಗ್ ಸವೆದಿರಬಹುದು. ಗಾಡಿಯನ್ನು ಮುಂದೆ ಓಡಿಸಬೇಡಿ.

ಸದ್ದು ಮೇಲ್ಭಾಗದ್ದಾದರೆ ಅದರ ಲಯ ಗಮನಿಸಿ. ಡೀಸೆಲ್ ಲಾರಿಯ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ತಿರುಗುವುದು ಒಂದೇ ಸುತ್ತು. ಎಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುವಾಗ ಪ್ರತಿ ವಾಲ್ವ್ 300 ಸಲ, ಅಂದರೆ ಸೆಕೆಂಡಿಗೆ 5 ಸಲ ತೆರೆಯುತ್ತದೆ. ಒಂದು ಟ್ಯಾಪೆಟ್ ಸಡಿಲವಾಗಿದ್ದರೆ ಸದ್ದೂ ಅದೇ ಲೆಕ್ಕದಲ್ಲಿ ಬರುತ್ತದೆ.

ಆದರೆ ಒಂದು ಸಿಲಿಂಡರಿನ ಹೊಗೆ ಸೋರಿದರೂ ಲಯ ಅದೇ. ಮ್ಯಾನಿಫೋಲ್ಡ್ ಜೋಡಣೆಯ ಬಳಿ ಮಸಿ ಹತ್ತಿದ್ದು, ಲೋಡ್ ಎಳೆಯುವಾಗ ಸದ್ದು ಹೆಚ್ಚಿದರೆ ದೋಷ ಗ್ಯಾಸ್ಕೆಟ್ಟಿನದಿರಬಹುದು. ಮಿಸ್ತ್ರಿ ಟ್ಯಾಪೆಟ್ ಸಂದಿಗೆ ಫೀಲರ್ ಗೇಜ್ ತೂರಿಸಿದಾಗ ಸದ್ದು ನಿಂತರೆ ದೋಷ ಅಲ್ಲೇ.

ಹಾಗೆಂದು ಸದ್ದಡಗಲೆಂದು ಟ್ಯಾಪೆಟ್ ಬಿಗಿಸಿಬಿಡುವುದು ಅಪಾಯ. ವಾಲ್ವ್ ತನ್ನ ಬಿಸಿಯನ್ನು ಬಹುಪಾಲು ಸೀಟಿಗೆ ದಾಟಿಸುವುದು ಪೂರ್ತಿ ಮುಚ್ಚಿಕೊಂಡಾಗ. ಬಿಸಿಗೆ ಅದು ಹಿಗ್ಗಲು ಸಂದಿಯಿರದಿದ್ದರೆ ಸರಿಯಾಗಿ ಮುಚ್ಚದೆ ಸುಟ್ಟುಹೋಗುತ್ತದೆ. ಸಡಿಲ ಟ್ಯಾಪೆಟ್ ಕೂಗಿ ಹೇಳುತ್ತದೆ, ಬಿಗಿ ಟ್ಯಾಪೆಟ್ ಸದ್ದಿಲ್ಲದೆ ಕೆಡಿಸುತ್ತದೆ. ಆದ್ದರಿಂದ ತಯಾರಕರು ಸೂಚಿಸಿದ ಅಂತರವನ್ನೇ ಇಡಲು ಮಿಸ್ತ್ರಿಗೆ ಹೇಳಿ.